ಉಪಚಾರ ಬೇಡದ ಹುಲ್ಲು

೨೦೧೮ರ ಜುಲೈ ತಿಂಗಳಿನಲ್ಲಿ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಕಾರ್ನೂಸ್ಟಿ ಎಂಬ ಊರಿನಲ್ಲಿ ಗಾಲ್ಫ್ ಆಟದ ಓಪನ್ ಚಾಂಪಿಯನ್‌ಷಿಪ್ ನಡೆಯಿತು. ೧೮೬೦ರಿಂದ ನಡೆದುಬಂದಿರುವ, ಆ ಆಟದ ಅತಿ ಪುರಾತನವಾದ ಪಂದ್ಯಾವಳಿ ಅದು. ದೂರದರ್ಶನದಲ್ಲಿ ಅದನ್ನು ನೋಡಿದವರ ಕಣ್ಣು ಆಟಗಾರರಿಗಿಂತ ಮೊದಲು ನೆಲದ ಮೇಲೆ ನಿಂತಿತೆಂದು ಹೇಳಬೇಕು. ಹಸುರು ಜಮಖಾನವನ್ನು ನಿರೀಕ್ಷಿಸಿದ್ದವರಿಗೆ ಕಂಡದ್ದು ಸುಗ್ಗಿ ಮುಗಿದ ಮೇಲಿನ ಗೋಧಿಯ ಹೊಲದ ಬಣ್ಣ. ಆ ಬೇಸಗೆಯಲ್ಲಿ ಬ್ರಿಟನ್ನಿನಲ್ಲಿ ವಾರಗಟ್ಟಲೆ ಮಳೆಯಿರಲಿಲ್ಲ. ನೆಲ ಎಷ್ಟು ಗಟ್ಟಿಯಾಗಿತ್ತೆಂದರೆ, ಅಭ್ಯಾಸದ ದಿನಗಳಲ್ಲಿ ಕೆಲವರು ಹೊಡೆದ ಚೆಂಡುಗಳು ನಾನ್ನೂರು ಗಜವನ್ನೂ ದಾಟಿ ಉರುಳಿಹೋದವು.

ಇಷ್ಟು ಸಿರಿವಂತರ ಆಟದ ಬಯಲಿಗೆ ನಾಲ್ಕು ಕೊಡ ನೀರು ಹಾಕುವವರು ಇರಲಿಲ್ಲವೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ನೀರೂ ಇತ್ತು, ಕೊಳವೆಗಳೂ ಇದ್ದವು. ಆದರೆ ಆ ಬಯಲನ್ನು ನೋಡಿಕೊಳ್ಳುವವರು ಹಸುರಿನ ಆಸೆಗಾಗಿ ಅವನ್ನು ಧಾರಾಳವಾಗಿ ತಿರುಗಿಸಲು ಒಪ್ಪಲಿಲ್ಲ. ಏಕೆಂದರೆ ಅಲ್ಲಿ ಕಂದುಬಣ್ಣಕ್ಕೆ ತಿರುಗಿದ್ದ ಹುಲ್ಲು ಸತ್ತಿರಲಿಲ್ಲ, ಅದು ಮಲಗಿತ್ತು. ಎಬ್ಬಿಸಲು ಮಳೆ ಸಾಕು. ಆ ಹುಲ್ಲಿನ ಹೆಸರು ಫೆಸ್ಕ್ಯೂ. ಅದನ್ನು ಬೆಳೆಸುವ ಬಗೆಯನ್ನೂ, ಅದಕ್ಕಿಂತ ಕಷ್ಟವಾದ ಉಳಿಸಿಕೊಳ್ಳುವ ಬಗೆಯನ್ನೂ ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಹುಲ್ಲೆಂದರೆ ನಮಗೆ ಸದರ. ಲೆಕ್ಕಕ್ಕಿಲ್ಲದ್ದನ್ನು ಹುಲ್ಲುಕಡ್ಡಿಗೆ ಹೋಲಿಸುವುದು ನಮ್ಮ ರೂಢಿ. ಲ್ಯಾಟಿನ್ ಭಾಷೆಯವರಿಗೂ ಅದೇ ಸದರವಿದ್ದಿರಬೇಕು. ಫೆಸ್ಕ್ಯೂ ಎಂಬ ಹೆಸರಿನ ಮೂಲವಾದ ‘ಫೆಸ್ಟೂಕ’ ಎಂಬ ಲ್ಯಾಟಿನ್ ಶಬ್ದಕ್ಕೆ ಹುಲ್ಲುಕಡ್ಡಿ ಎಂದೇ ಅರ್ಥ. ಈ ಕಡ್ಡಿಯನ್ನು ನಂಬಿ ಒಂದು ಆಟ ಹುಟ್ಟಿತೆಂಬುದು ಮಾತ್ರ ಸದರದ ಸಂಗತಿಯಲ್ಲ.

ಗಾಲ್ಫ್ ಬಯಲಿನ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು. ಆಟಗಾರನು ಚೆಂಡನ್ನು ಮೊದಲು ಹೊಡೆಯುವ ಕಟ್ಟೆಗೆ ಟೀ ಎಂದು ಹೆಸರು. ಕೊನೆಗೆ ಚೆಂಡು ಬೀಳಬೇಕಾದ ಕುಳಿ ಇರುವ, ಅತಿ ನುಣುಪಾಗಿ ಕತ್ತರಿಸಿದ ಹುಲ್ಲಿನ ಅಂಗಳಕ್ಕೆ ಗ್ರೀನ್ ಎಂದು ಹೆಸರು. ಇವೆರಡರ ನಡುವೆ ಹಲವು ನೂರು ಗಜಗಳವರೆಗೆ ಚಾಚಿಕೊಂಡಿರುವ, ಮಟ್ಟಸವಾಗಿ ಕತ್ತರಿಸಿದ ಹುಲ್ಲಿನ ಹಾದಿಯೇ ಫೇರ್‌ವೇ. ಅದರ ಇಕ್ಕೆಲಗಳಲ್ಲಿ ಬೆಳೆಯಲು ಬಿಟ್ಟ ಒರಟು ಹುಲ್ಲು ರಫ್. ಗ್ರೀನಿನ ಹುಲ್ಲನ್ನು ಎಲ್ಲರೂ ಹೊಗಳುತ್ತಾರೆ; ಆದರೆ ಬಯಲಿನ ಬಹುಭಾಗದ ದುಡಿಮೆಯನ್ನು ಹೊರುವುದು ಫೇರ್‌ವೇಯ ಹುಲ್ಲು. ಕಾಲ್ತುಳಿತ, ಗಾಡಿಯ ಗಾಲಿ, ನೆಲವನ್ನು ಕಿತ್ತೆಸೆಯುವ ಕಬ್ಬಿಣದ ಕೋಲಿನ ಪೆಟ್ಟು, ಎಲ್ಲವೂ ಅದರ ಪಾಲಿಗೇ.

ಈ ಹಾದಿಗಳನ್ನು ಮೊದಲು ಮನುಷ್ಯರು ಮಾಡಿದ್ದಲ್ಲ. ಸ್ಕಾಟ್ಲೆಂಡಿನ ಕಡಲಂಚಿನಲ್ಲಿ, ಅಲೆಗಳ ಮರಳಿಗೂ ಉಳುವ ಭೂಮಿಗೂ ನಡುವೆ, ಗಾಳಿ ಒಟ್ಟಿದ ಮರಳುದಿಬ್ಬಗಳ ಒಂದು ಪಟ್ಟಿಯುಂಟು. ಅದನ್ನು ಅಲ್ಲಿಯವರು ಲಿಂಕ್ಸ್ ಎನ್ನುತ್ತಾರೆ. ಮರಳಾದ್ದರಿಂದ ನೀರು ನಿಲ್ಲದು. ಸಾರವಿಲ್ಲವಾದ್ದರಿಂದ ಬೆಳೆ ಬಾರದು. ಉಪ್ಪುಗಾಳಿಯಾದ್ದರಿಂದ ಮರ ಏಳದು. ಯಾವುದಕ್ಕೂ ಬಾರದ ಅಂಥ ನೆಲದಲ್ಲಿ ಫೆಸ್ಕ್ಯೂ ತನ್ನ ಕೆಲವು ಬಂಧುಗಳೊಡನೆ ಬೇರೂರಿತು. ಕುರಿಗಳೂ ಮೊಲಗಳೂ ಅದನ್ನು ಮೇದು ಮೇದು ಗಿಡ್ಡಗೊಳಿಸಿದವು. ಹುಲ್ಲು ಕೊಯ್ಯುವ ಯಂತ್ರವನ್ನು ಎಡ್ವಿನ್ ಬಡ್ಡಿಂಗ್ ಎಂಬ ಇಂಗ್ಲಿಷಿನವನು ರಚಿಸಿದ್ದು ೧೮೩೦ರಲ್ಲಿ. ಅದಕ್ಕೆ ಶತಮಾನಗಳ ಹಿಂದೆಯೇ ಆಟ ನಡೆದಿತ್ತು. ಗಾಲ್ಫನ್ನು ನಿಷೇಧಿಸಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಶಾಸನ ಮಾಡಿದ್ದು ೧೪೫೭ರಲ್ಲಿ ಎಂದ ಮೇಲೆ ಆ ವೇಳೆಗೆ ಜನರಿಗೆ ಆಟದ ಹುಚ್ಚು ಸಾಕಷ್ಟು ಹಿಡಿದಿರಬೇಕು.

ಸೇಂಟ್ ಆಂಡ್ರೂಸ್ ಊರಿನ ಲಿಂಕ್ಸ್ ಇಂಥ ನೆಲಗಳಲ್ಲೆಲ್ಲ ಪ್ರಸಿದ್ಧವಾದುದು. ೧೫೫೨ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್ನನಿಗೆ ಅಲ್ಲಿ ಮೊಲ ಸಾಕುವ ಹಕ್ಕು ದೊರೆತಾಗ, ಅದೇ ಪತ್ರದಲ್ಲಿ ಊರವರ ಆಟದ ಹಕ್ಕಿಗೂ ಮಾನ್ಯತೆ ದೊರೆಯಿತು. ಮೊಲಕ್ಕೂ ಆಟಗಾರನಿಗೂ ಒಂದೇ ಹುಲ್ಲುಗಾವಲು! ಈ ಸಹವಾಸ ಸದಾ ಸುಖಕರವಾಗಿರಲಿಲ್ಲ. ೧೭೯೭ರಲ್ಲಿ ಸಾಲದ ಹೊರೆಯಿಂದ ಊರು ಆ ನೆಲವನ್ನು ಕೈಬಿಟ್ಟು, ಅದು ಮೊಲದ ವ್ಯಾಪಾರಿಗಳ ಪಾಲಾದಾಗ, ಬಯಲೆಲ್ಲ ಬಿಲವಾಗಿ ಆಟಗಾರರಿಗೂ ವ್ಯಾಪಾರಿಗಳಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಇಂದು ಆ ನೆಲ ಸಾರ್ವಜನಿಕರದು. ೧೯೭೪ರ ಶಾಸನದಂತೆ ಒಂದು ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತದೆ.

ಇನ್ನು ಹುಲ್ಲಿನ ಕಡೆಗೆ ಬರೋಣ. ಫೆಸ್ಕ್ಯೂ ಎಂಬ ಹೆಸರಿನಲ್ಲಿ ಹಲವು ಜಾತಿಗಳುಂಟು. ಅಗಲವಾದ ಎಲೆಯ, ಒರಟು ಮೈಯ ಟಾಲ್ ಫೆಸ್ಕ್ಯೂ ನಮ್ಮ ಮಾತಿಗೆ ಸೇರಿದುದಲ್ಲ. ಫೇರ್‌ವೇಗೆ ಬೇಕಾದದ್ದು ಸಣ್ಣೆಲೆಯ ಬಳಗ; ಅದರಲ್ಲೂ ಕೆಂಪು ಫೆಸ್ಕ್ಯೂ. ಬುಡದಲ್ಲಿ ನಸುಗೆಂಪು ಛಾಯೆ ಇರುವುದರಿಂದ ಆ ಹೆಸರು. ಇದರಲ್ಲಿ ನೆಲದೊಳಗೆ ತೆಳುವಾದ ಬಳ್ಳಿಗಾಂಡಗಳನ್ನು ಹರಿಸಿ ಬರಿದಾದ ಜಾಗವನ್ನು ಮೆಲ್ಲಗೆ ತುಂಬಿಕೊಳ್ಳುವ ಬಗೆಯೊಂದು. ಹರಡದೆ ಒತ್ತೊತ್ತಾಗಿ ಗುಂಪುಗಟ್ಟಿ ಬೆಳೆಯುವ ಬಗೆ ಇನ್ನೊಂದು. ಎರಡನೆಯದಕ್ಕೆ ಚ್ಯೂಯಿಂಗ್ಸ್ ಫೆಸ್ಕ್ಯೂ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನ್ಯೂಜಿಲೆಂಡಿನಲ್ಲಿ ಇದರ ಬೀಜವನ್ನು ಮಾರುತ್ತಿದ್ದ ಜಾರ್ಜ್ ಚ್ಯೂಯಿಂಗ್ಸ್ ಎಂಬಾತನ ಹೆಸರು ಹುಲ್ಲಿಗೆ ಅಂಟಿಕೊಂಡಿತು. ಬಿತ್ತನೆಯಲ್ಲಿ ಸಾಮಾನ್ಯವಾಗಿ ಎರಡನ್ನೂ ಬೆರೆಸುತ್ತಾರೆ. ಒಂದು ನೆಯ್ದರೆ ಇನ್ನೊಂದು ತುಂಬುತ್ತದೆ.

ಇದರ ಎಲೆಯನ್ನು ಬೆರಳುಗಳ ನಡುವೆ ಹೊರಳಿಸಿದರೆ ಚಪ್ಪಟೆಯಾದ ಗರಿಯಂತಿರದೆ ಸೂಜಿಯಂತೆ ದುಂಡಗೆ ತೋರುತ್ತದೆ. ಎಲೆ ಉದ್ದಕ್ಕೆ ಮಡಿಚಿಕೊಂಡಿರುವುದೇ ಅದಕ್ಕೆ ಕಾರಣ. ಉಸಿರಾಟದ ಸೂಕ್ಷ್ಮ ರಂಧ್ರಗಳು ಬಹುಮಟ್ಟಿಗೆ ಆ ಮಡಿಕೆಯ ಒಳಮೈಯಲ್ಲಿವೆ. ಗಾಳಿ ಬೀಸಿದರೂ ಬಿಸಿಲು ಕಾದರೂ ಒಳಗಿನ ತೇವ ಸುಲಭವಾಗಿ ಆರದು. ಬೇರು ಆಳಕ್ಕಿಳಿದು ಮರಳಿನ ಕೆಳಗಿನ ತೇವವನ್ನು ಹುಡುಕುತ್ತದೆ. ಬರ ಹೆಚ್ಚಾದಾಗ ಗಿಡ ತನ್ನ ಎಲೆಗಳನ್ನು ಒಣಗಲು ಬಿಟ್ಟು, ನೆಲಮಟ್ಟದ ಬುಡದಲ್ಲಿರುವ ಮೊಗ್ಗನ್ನು ಮಾತ್ರ ಕಾಪಾಡಿಕೊಳ್ಳುತ್ತದೆ. ಕಾರ್ನೂಸ್ಟಿಯಲ್ಲಿ ನೋಡುಗರನ್ನು ಬೆಚ್ಚಿಸಿದ ಕಂದುಬಣ್ಣದ ರಹಸ್ಯ ಇಷ್ಟೆ. ಮನೆಯ ಸಾಮಾನನ್ನೆಲ್ಲ ಬಿಟ್ಟು ದೀಪವೊಂದನ್ನು ಆರದಂತೆ ಹಿಡಿದುಕೊಂಡವರ ಹಾಗೆ.

ಇದಕ್ಕೆ ಗುಪ್ತ ಸ್ನೇಹಿತರೂ ಉಂಟು. ಅನೇಕ ಫೆಸ್ಕ್ಯೂ ಗಿಡಗಳ ಎಲೆ ಕಾಂಡಗಳ ಒಳಗೆ ಒಂದು ಬಗೆಯ ಶಿಲೀಂಧ್ರ ಗಿಡಕ್ಕೆ ಕೇಡು ಮಾಡದೆ ವಾಸಿಸುತ್ತದೆ. ಬಾಡಿಗೆಯಾಗಿ, ಎಲೆ ತಿನ್ನುವ ಕೀಟಗಳಿಗೆ ರುಚಿಸದ ವಸ್ತುಗಳನ್ನು ತಯಾರಿಸಿಕೊಡುತ್ತದೆ. ೨೦೦೭ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಇನ್ನೊಂದು ಸಂಗತಿ ಮತ್ತೂ ಸ್ವಾರಸ್ಯದ್ದು. ಕೆಲವು ಸಣ್ಣೆಲೆ ಫೆಸ್ಕ್ಯೂಗಳ ಬೇರು ಮೆಟಾ ಟೈರೊಸಿನ್ ಎಂಬ ಅಮೈನೋ ಆಮ್ಲವನ್ನು ಮಣ್ಣಿಗೆ ಸ್ರವಿಸಿ ನೆರೆಯ ಕಳೆಗಳ ಬೇರನ್ನು ಕುಗ್ಗಿಸುತ್ತದೆ. ನೋಡಲು ಬಡಕಲು ಹುಲ್ಲು. ಆದರೆ ತನ್ನ ಜಾಗವನ್ನು ಕಾಯ್ದುಕೊಳ್ಳುವುದು ಅದಕ್ಕೆ ಗೊತ್ತು.

ಬೆಳೆಸುವ ಕ್ರಮವನ್ನು ನೋಡೋಣ. ಮೊದಲನೆಯದಾಗಿ ನೆಲ. ನೀರು ಬಸಿದುಹೋಗದ ಜೇಡಿಮಣ್ಣಿನಲ್ಲಿ ಫೆಸ್ಕ್ಯೂ ಬಿತ್ತುವುದು ಹಣ ಚೆಲ್ಲಿದಂತೆ. ಮರಳುಮಣ್ಣು ಬೇಕು, ಸ್ವಲ್ಪ ಹುಳಿಯ ಅಂಶವಿದ್ದರೂ ಆಗುತ್ತದೆ, ಸಾರ ಕಡಮೆಯಿದ್ದಷ್ಟೂ ಒಳ್ಳೆಯದು. ಕಳೆ ತೆಗೆದು, ಸಡಿಲ ಮಣ್ಣನ್ನು ತುಳಿದು ಗಟ್ಟಿಮಾಡಿ, ಮೇಲ್ಮೈಯನ್ನು ಕುಂಟೆಯಂಥ ಹಲ್ಲುಗಳಿಂದ ಹದಗೊಳಿಸುತ್ತಾರೆ. ಎರಡನೆಯದು ಕಾಲ. ಸ್ಕಾಟ್ಲೆಂಡಿನಲ್ಲಿ ಅದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನವರೆಗೆ. ಆಗ ಬೇಸಗೆಯ ಬಿಸಿ ಮಣ್ಣಿನಲ್ಲಿ ಇನ್ನೂ ಉಳಿದಿರುತ್ತದೆ, ಶರತ್ಕಾಲದ ತೇವ ಆರಂಭವಾಗಿರುತ್ತದೆ, ವಸಂತದ ಕಳೆಗಳ ಪೈಪೋಟಿ ಇರುವುದಿಲ್ಲ. ಒಂದು ಗ್ರಾಂ ತೂಕದಲ್ಲಿ ಸುಮಾರು ಸಾವಿರ ಬೀಜಗಳಿರುತ್ತವೆ. ಚದರ ಮೀಟರಿಗೆ ಇಪ್ಪತ್ತೈದು ಗ್ರಾಂ ಆಸುಪಾಸು ಬಿತ್ತಿ, ಒಂದು ಸೆಂಟಿಮೀಟರಿಗೂ ಕಡಮೆ ಆಳದಲ್ಲಿ ಮುಚ್ಚುತ್ತಾರೆ. ಒಂದೆರಡು ವಾರಗಳಲ್ಲಿ ಕೂದಲಿನಂಥ ಮೊಳಕೆ ಕಾಣುತ್ತದೆ. ಈ ಎಳೆತನದಲ್ಲಿ ಮಾತ್ರ ಫೆಸ್ಕ್ಯೂವಿಗೆ ತಪ್ಪದೆ ನೀರು ಬೇಕು.

ಸಸಿ ನಾಲ್ಕೈದು ಸೆಂಟಿಮೀಟರು ಬೆಳೆದ ಮೇಲೆ ಮೊದಲ ಕೊಯ್ಲು. ಅದೂ ತುದಿಯನ್ನು ಮಾತ್ರ. ಒಮ್ಮೆಗೆ ಎಲೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದೆಂಬುದು ಹುಲ್ಲು ಬೆಳೆಸುವವರ ಹಳೆಯ ನಿಯಮ. ತಿಂಗಳುಗಳ ಕಾಲ ಎತ್ತರವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಹತ್ತರಿಂದ ಹದಿನೈದು ಮಿಲಿಮೀಟರಿಗೆ ತಂದರೆ ಅದು ಫೇರ್‌ವೇ. ಇಲ್ಲಿ ಅವಸರ ಸಲ್ಲದು. ಫೆಸ್ಕ್ಯೂ ನಿಧಾನಿ. ರೈ ಹುಲ್ಲು ಬಿತ್ತಿದರೆ ನೆಲ ಬೇಗ ಹಸುರಾಗುತ್ತದೆ. ಅದರ ಆಸೆಗೆ ಬಿದ್ದು ಎರಡನ್ನೂ ಬೆರೆಸಿ ಬಿತ್ತಿದರೆ ರೈ ತಾನೇ ನೆರಳು ಹರಡಿ ಫೆಸ್ಕ್ಯೂವನ್ನು ಮುಗಿಸಿಬಿಡುತ್ತದೆ.

ಬೆಳೆದ ಮೇಲಿನದು ಉಳಿಸಿಕೊಳ್ಳುವ ಕಥೆ. ಇಲ್ಲಿ ನೆನೆಯಬೇಕಾದ ಹೆಸರು ಟಾಮ್ ಮಾರಿಸನದು. ೧೮೨೧ರಲ್ಲಿ ಸೇಂಟ್ ಆಂಡ್ರೂಸಿನಲ್ಲಿ ಹುಟ್ಟಿ, ಓಪನ್ ಚಾಂಪಿಯನ್‌ಷಿಪ್ಪನ್ನು ನಾಲ್ಕು ಬಾರಿ ಗೆದ್ದು, ೧೯೦೩ರವರೆಗೆ ನಾಲ್ಕು ದಶಕಗಳಷ್ಟು ಕಾಲ ಆ ಊರಿನ ಬಯಲನ್ನು ಕಾಯ್ದ ಪಾಲಕ ಈತ. ಪ್ರೆಸ್ಟ್‌ವಿಕ್ ಎಂಬಲ್ಲಿ ಕೆಲಸದಲ್ಲಿದ್ದಾಗ ಒಮ್ಮೆ ಮರಳಿನ ಕೈಗಾಡಿ ಹುಲ್ಲಿನ ಮೇಲೆ ಮಗುಚಿತಂತೆ. ಕೆಲವು ದಿನಗಳ ಮೇಲೆ ನೋಡಿದರೆ ಆ ಜಾಗದ ಹುಲ್ಲು ಸುತ್ತಲಿನದಕ್ಕಿಂತ ಚೆನ್ನಾಗಿತ್ತಂತೆ. ಕಥೆ ನಿಜವೋ ಕಟ್ಟಿದ್ದೋ, ಮಾರಿಸನು ಮುಂದೆ ಜೀವಮಾನವೆಲ್ಲ ಹುಲ್ಲಿಗೆ ಮರಳು ಎರಚುತ್ತಲೇ ಇದ್ದನೆಂಬುದು ಸತ್ಯ.

ಅದರ ಕಾರಣ ಸರಳ. ಕತ್ತರಿಸಿದ ಹುಲ್ಲಿನ ಬುಡದಲ್ಲಿ ಸತ್ತ ಬೇರು ಕಾಂಡಗಳು ಸೇರಿ ಒದ್ದೆ ಗೋಣಿಯಂಥ ಒಂದು ಪದರ ಕಟ್ಟುತ್ತದೆ. ಅದು ನೀರನ್ನು ಹಿಡಿದಿಟ್ಟು ರೋಗಕ್ಕೆ ತವರಾಗುತ್ತದೆ; ಬೇರು ಕೆಳಗಿಳಿಯದೆ ಆ ಪದರದಲ್ಲೇ ಸೋಮಾರಿಯಾಗಿ ಹರಡುತ್ತದೆ. ತೆಳುವಾಗಿ ಹರಡಿದ ಮರಳು ಆ ಪದರದೊಳಕ್ಕೆ ಇಳಿದು ಅದನ್ನು ಸಡಿಲಿಸುತ್ತದೆ, ತಗ್ಗುಗಳನ್ನು ಮಟ್ಟಮಾಡುತ್ತದೆ, ಮೇಲ್ಮೈಯನ್ನು ಒಣಗಿಸಿ ಗಟ್ಟಿಮಾಡುತ್ತದೆ. ಇದರ ಜೊತೆಗೆ ಕಾಲ್ತುಳಿತಕ್ಕೆ ಬಿಗಿದುಕೊಂಡ ನೆಲಕ್ಕೆ ಮೊಳೆಗಳಿಂದ ಚುಚ್ಚಿ ಗಾಳಿ ಆಡುವಂತೆ ಮಾಡುತ್ತಾರೆ. ವರ್ಷಕ್ಕೊಮ್ಮೆಯಾದರೂ ಇರುವ ಹುಲ್ಲಿನ ನಡುವೆಯೇ ತಟ್ಟೆಯಲಗಿನ ಯಂತ್ರದಿಂದ ಸೀಳುಗಳನ್ನು ಮಾಡಿ ಹೊಸ ಫೆಸ್ಕ್ಯೂ ಬೀಜವನ್ನು ಇಳಿಸುತ್ತಾರೆ. ಗೊಬ್ಬರದ ವಿಷಯದಲ್ಲಿ ಮಾತ್ರ ಕೈ ಬಿಗಿ. ಮರಳುನೆಲದ ಫೆಸ್ಕ್ಯೂ ಫೇರ್‌ವೇಗೆ ಹೆಕ್ಟೇರಿಗೆ ವರ್ಷಕ್ಕೆ ಐವತ್ತು ಕಿಲೋ ಸಾರಜನಕವೂ ಬೇಕಾಗುವುದಿಲ್ಲ. ಏನೂ ಹಾಕದೆ ಕಳೆಯುವ ವರ್ಷಗಳೂ ಉಂಟು. ನೀರು ಬರದಲ್ಲಿ ಗಿಡದ ಜೀವ ಉಳಿಸುವಷ್ಟು, ಬಣ್ಣ ಉಳಿಸುವಷ್ಟಲ್ಲ.

ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ಇನ್ನೊಂದು ಹುಲ್ಲಿನಲ್ಲಿದೆ. ಅದರ ಸಸ್ಯಶಾಸ್ತ್ರೀಯ ನಾಮಧೇಯ ಪೋವಾ ಆನ್ಯುಆ. ತಿಳಿಹಸುರಿನ, ಮೃದುವಾದ, ನೋಡಲು ಮುದ್ದಾದ ಹುಲ್ಲು. ಎಷ್ಟು ಗಿಡ್ಡಗೆ ಕತ್ತರಿಸಿದರೂ ತೆನೆ ಬಿಟ್ಟು ಬೀಜ ಉದುರಿಸುತ್ತದೆ. ಅದಕ್ಕೆ ಬೇಕಾದದ್ದು ಮೂರೇ: ಧಾರಾಳ ನೀರು, ಧಾರಾಳ ಗೊಬ್ಬರ, ತುಳಿದು ಬಿಗಿಯಾದ ನೆಲ. ಈ ಮೂರೂ ದೊರೆತ ಕಡೆ ಅದು ಫೆಸ್ಕ್ಯೂವನ್ನು ಹಿಮ್ಮೆಟ್ಟಿಸಿ ನೆಲವನ್ನು ಆಕ್ರಮಿಸುತ್ತದೆ. ಆದರೆ ಬೇರು ಮೇಲುಮೇಲಕ್ಕೇ; ಬರ ಬಂದರೆ ಮೊದಲು ಬಾಡುವುದು ಅದು, ಚಳಿಗಾಲದ ಬೂಷ್ಟುರೋಗಕ್ಕೆ ಮೊದಲು ತುತ್ತಾಗುವುದೂ ಅದೇ. ಆಗ ಮತ್ತೆ ನೀರು, ಮತ್ತೆ ಗೊಬ್ಬರ, ಅದರ ಮೇಲೆ ಔಷಧಿ. ಅದರಿಂದ ಇನ್ನಷ್ಟು ಪೋವಾ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯನ್ನು ಫೆಸ್ಕ್ಯೂವಿನಷ್ಟು ಅಕ್ಷರಶಃ ಪಾಲಿಸುವ ಗಿಡ ಇನ್ನೊಂದಿರಲಾರದು. ಅದನ್ನು ಕೊಲ್ಲಬೇಕಾದರೆ ಹಗೆತನ ಬೇಕಿಲ್ಲ, ಪ್ರೀತಿ ಸಾಕು.

ಎರಡನೆಯ ಮಹಾಯುದ್ಧದ ಅನಂತರದ ದಶಕಗಳಲ್ಲಿ ಬ್ರಿಟನ್ನಿನ ಅನೇಕ ಬಯಲುಗಳಲ್ಲಿ ನಡೆದದ್ದು ಇದೇ. ತಾನೇ ಚಿಮ್ಮುವ ನೀರಿನ ವ್ಯವಸ್ಥೆ ಬಂತು. ಸಂಯುಕ್ತ ಗೊಬ್ಬರದ ಚೀಲ ಬಂತು. ಅಮೆರಿಕದ ಅಗಸ್ಟಾ ಬಯಲಿನ ಪಚ್ಚೆಯ ಬಣ್ಣವನ್ನು ದೂರದರ್ಶನ ಮನೆಮನೆಗೆ ತಂದಿತು. ನಮ್ಮ ಬಯಲೂ ಹೀಗೇಕಿಲ್ಲವೆಂದು ಸದಸ್ಯರು ಕೇಳತೊಡಗಿದರು. ಈ ಹಸುರಿನ ಮೋಹದ ವಿರುದ್ಧ ದನಿಯೆತ್ತಿದವರಲ್ಲಿ ಮುಖ್ಯನಾದವನು ಜಿಮ್ ಆರ್ಥರ್ ಎಂಬ ಹುಲ್ಲುತಜ್ಞ. ಹೆಚ್ಚು ನೀರು, ಹೆಚ್ಚು ಗೊಬ್ಬರ ಕೊಡುವುದು ಪಾಲನೆಯಲ್ಲ, ಪೋವಾದ ಕೃಷಿ ಎಂಬುದು ಆತನ ವಾದದ ಸಾರ. ೧೯೯೭ರಲ್ಲಿ ಆತನ ‘ಪ್ರಾಕ್ಟಿಕಲ್ ಗ್ರೀನ್‌ಕೀಪಿಂಗ್’ ಗ್ರಂಥ ಹೊರಬಂದಿತು. ಆತನ ಮಾತು ಅನೇಕರಿಗೆ ಕಹಿಯಾಗಿತ್ತು; ಆದರೆ ಇಂದು ಅದಕ್ಕೆ ಹೊಸ ಬೆಲೆ ಬಂದಿದೆ. ರೋಗ ಬಂದಾಗ ಸಿಂಪಡಿಸುತ್ತಿದ್ದ ಔಷಧಿಗಳಲ್ಲಿ ಐಪ್ರೋಡಯೋನ್ ೨೦೧೮ರಲ್ಲಿ, ಕ್ಲೋರೊಥಲೋನಿಲ್ ೨೦೨೦ರಲ್ಲಿ ಬ್ರಿಟನ್ನಿನಲ್ಲಿ ಬಳಕೆಯಿಂದ ಹೊರಬಿದ್ದವು. ಔಷಧಿಯ ಊರುಗೋಲು ಕೈತಪ್ಪಿದಾಗ ತನ್ನ ಕಾಲ ಮೇಲೆ ನಿಲ್ಲಬಲ್ಲ ಹುಲ್ಲು ಬೇಕೆನಿಸುವುದು ಸಹಜ.

ಹಾಗೆಂದು ಫೆಸ್ಕ್ಯೂ ಎಲ್ಲ ಕಡೆಗೂ ಸಲ್ಲುವ ಮದ್ದು ಎಂದರೆ ಅದು ಅತಿಶಯೋಕ್ತಿ. ಅದರ ನಿಧಾನವೇ ಅದರ ದೌರ್ಬಲ್ಯ. ಕೋಲಿನ ಪೆಟ್ಟಿಗೆ ಕಿತ್ತುಹೋದ ಜಾಗ ತುಂಬಿಕೊಳ್ಳಲು ವಾರಗಳು ಬೇಕು. ಬೆಳವಣಿಗೆ ನಿಂತ ಚಳಿಗಾಲದಲ್ಲಿ ತಿಂಗಳುಗಳೇ ಬೇಕು. ಆದ್ದರಿಂದಲೇ ಸೇಂಟ್ ಆಂಡ್ರೂಸಿನ ಓಲ್ಡ್ ಕೋರ್ಸಿನಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಫೇರ್‌ವೇಯ ಮೇಲೆ ಸಣ್ಣ ಚಾಪೆಯ ತುಂಡನ್ನಿಟ್ಟು ಅದರ ಮೇಲಿಂದ ಚೆಂಡು ಹೊಡೆಯುವ ಪದ್ಧತಿ ಬಂದಿತು. ಭಾನುವಾರಗಳಂದು ಅಲ್ಲಿ ಸಾಮಾನ್ಯವಾಗಿ ಆಟವೇ ಇಲ್ಲ; ಊರಿನ ಜನ ಮಕ್ಕಳನ್ನೂ ನಾಯಿಗಳನ್ನೂ ಕರೆದುಕೊಂಡು ಅಡ್ಡಾಡುತ್ತಾರೆ. ಇನ್ನೊಂದು ಉದಾಹರಣೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಚೇಂಬರ್ಸ್ ಬೇ. ಮರಳು ಜಲ್ಲಿ ತೆಗೆದ ಹಳೆಯ ಗಣಿಯ ನೆಲದಲ್ಲಿ ೨೦೦೭ರಲ್ಲಿ ತೆರೆದ ಈ ಬಯಲಿನಲ್ಲಿ ಗ್ರೀನಿನಿಂದ ಫೇರ್‌ವೇಯವರೆಗೆ ಎಲ್ಲವೂ ಫೆಸ್ಕ್ಯೂ. ೨೦೧೫ರಲ್ಲಿ ಯು.ಎಸ್. ಓಪನ್ ಪಂದ್ಯಾವಳಿ ಅಲ್ಲಿ ನಡೆದಾಗ, ಪೋವಾ ನುಗ್ಗಿದ್ದ ಗ್ರೀನುಗಳು ತರಿತರಿಯಾಗಿವೆಯೆಂದು ಆಟಗಾರರು ಬಹಿರಂಗವಾಗಿ ದೂರಿದರು. ಮುಂದೆ ಅಲ್ಲಿಯ ಗ್ರೀನುಗಳಿಗೆ ಪೋವಾವನ್ನೇ ಹಾಸಲಾಯಿತು. ಫೇರ್‌ವೇಗಳಲ್ಲಿ ಫೆಸ್ಕ್ಯೂ ಉಳಿಯಿತು. ಸೋತ ಕಡೆ ಸೋತಿತು, ಗೆದ್ದ ಕಡೆ ಗೆದ್ದಿತು ಎಂದು ಒಪ್ಪಿಕೊಳ್ಳುವುದೇ ನ್ಯಾಯ.

ಇದನ್ನು ನಮ್ಮಲ್ಲಿ ಬೆಳೆಸಬಹುದೇ ಎಂಬ ಪ್ರಶ್ನೆ ಕೆಲವರ ಮನಸ್ಸಿನಲ್ಲಿ ಎದ್ದಿರಬಹುದು. ಬೆಂಗಳೂರಿನ ಗಾಲ್ಫ್ ಕ್ಲಬ್ಬು ೧೮೭೬ರಷ್ಟು ಹಳೆಯದಾದ್ದರಿಂದ ಪ್ರಶ್ನೆ ಅಸಂಗತವಲ್ಲ. ಉತ್ತರ ಮಾತ್ರ ಬೇಡವೆಂದೇ. ಫೆಸ್ಕ್ಯೂ ತಂಪುನಾಡಿನ ಹುಲ್ಲು; ಹದಿನೈದರಿಂದ ಇಪ್ಪತ್ತನಾಲ್ಕು ಡಿಗ್ರಿ ಸೆಲ್ಷಿಯಸ್ ಅದಕ್ಕೆ ಹಿತವಾದ ಹವೆ. ನಮ್ಮ ಏಪ್ರಿಲ್ ತಿಂಗಳನ್ನು ಅದು ಸಹಿಸಲಾರದು. ಬಿಸಿನಾಡುಗಳ ಗಾಲ್ಫ್ ಬಯಲುಗಳಲ್ಲಿ ಬಹುವಾಗಿ ಕಾಣುವುದು ಬರ್ಮುಡಾ ಹುಲ್ಲು. ಹೆಸರು ಕೇಳಿ ಯಾವುದೋ ದ್ವೀಪದ್ದೆಂದು ಬೆರಗಾಗಬೇಕಿಲ್ಲ. ನಾವು ಗಣಪತಿಗೆ ಏರಿಸುವ ಗರಿಕೆಯೇ ಅದು. ಬಿಸಿಲನ್ನು ಆಹಾರವಾಗಿಸಿಕೊಳ್ಳುವ ಅದರ ರಾಸಾಯನಿಕ ಮಾರ್ಗವೇ ಬೇರೆ. ಸೆಕೆಯಲ್ಲಿ ಅದು ಹುರುಪಾಗಿ ಹಬ್ಬುತ್ತದೆ. ಸ್ಕಾಟ್ಲೆಂಡಿನ ಕಡಲಂಚಿಗೆ ಫೆಸ್ಕ್ಯೂ ಹೇಗೋ ನಮ್ಮ ಹೊಲದ ಬದುವಿಗೆ ಗರಿಕೆ ಹಾಗೆ. ಹೊರಗಿನಿಂದ ತಂದು ಸಾಕಬೇಕಾದುದಲ್ಲ. ನೆಲ ತಾನಾಗಿ ಆರಿಸಿಕೊಂಡದ್ದು.

ಫೆಸ್ಕ್ಯೂವಿನ ಪಾಲನೆಯಿಂದ ಕಲಿಯಬಹುದಾದದ್ದು ಈ ಆರಿಸಿಕೊಳ್ಳುವಿಕೆಯನ್ನು ಗೌರವಿಸುವುದು. ನೀರು ಎಲ್ಲೆಲ್ಲೂ ದುರ್ಲಭವಾಗುತ್ತಿರುವ ದಿನಗಳಲ್ಲಿ, ಹಸುರೆಂದರೆ ಆರೋಗ್ಯ, ಕಂದೆಂದರೆ ಅಲಕ್ಷ್ಯ ಎಂಬ ನಮ್ಮ ಕಣ್ಣಿನ ಅಭ್ಯಾಸಕ್ಕೆ ತೆರಬೇಕಾದ ಬೆಲೆ ದೊಡ್ಡದು. ಒಳ್ಳೆಯ ಪಾಲಕನು ಬೆಳಗ್ಗೆ ಎದ್ದು ಬಯಲಿಗೆ ಹೋದಾಗ ಬಣ್ಣವನ್ನು ನೋಡಿ ತೀರ್ಮಾನಿಸುವುದಿಲ್ಲ. ಮಣ್ಣಿನ ಒಂದು ಬಿಲ್ಲೆಯನ್ನು ಕತ್ತರಿಸಿ ಎತ್ತುತ್ತಾನೆ, ಬೇರು ಎಲ್ಲಿಯವರೆಗೆ ಇಳಿದಿದೆಯೆಂದು ಅಳೆಯುತ್ತಾನೆ, ತೇವ ಇದೆಯೇ ಎಂದು ಬೆರಳಿಂದ ಮುಟ್ಟಿ ನೋಡುತ್ತಾನೆ. ಬೇರು ಆಳದಲ್ಲಿದ್ದರೆ ಬಿಲ್ಲೆಯನ್ನು ಮತ್ತೆ ಅದರ ಜಾಗದಲ್ಲಿಟ್ಟು, ಕಾಲಿನಿಂದ ಮೆಲ್ಲಗೆ ಒತ್ತಿ, ನೀರಿನ ತಿರುಪನ್ನು ಮುಟ್ಟದೆ ಮನೆಗೆ ಹಿಂದಿರುಗುತ್ತಾನೆ. ಆ ದಿನದ ಮಟ್ಟಿಗೆ ಅವನು ಮಾಡಿದ ಕೆಲಸ ಅದು.

(ಬಾನುಲಿ ಭಾಷಣ)